ಕೆಳಗಿನ ಯಂತ್ರದ ಷರಾ

ಯಂತ್ರಪಟ್ಟಿ ವಿಭಾಗ, ಕೇಂದ್ರ ಕಚೇರಿ
ಸೆಪ್ಟೆಂಬರ್ ೩

ಇವರಿಗೆ: ವೀಕ್ಷಕರು, ಉಬ್ಬರವಿಳಿತ ಮಾಪನ ಕೇಂದ್ರ

ಮಾನ್ಯರೇ,

ಇಲಾಖೆಯ ಎಲ್ಲ ಕಂಪ್ಯೂಟರುಗಳ ಪಟ್ಟಿಯನ್ನು ಹೊಸದಾಗಿ ತಯಾರಿಸಲಾಗುತ್ತಿದೆ. ನೆಟ್‌ವರ್ಕಿನಲ್ಲಿರುವ ಯಂತ್ರಗಳು ತಮ್ಮ ವಿವರಗಳನ್ನು ತಾವೇ ಕಳಿಸುತ್ತವೆ. ತಮ್ಮ ಕೇಂದ್ರದ ಎರಡೂ ಯಂತ್ರಗಳಿಗೆ ನೆಟ್‌ವರ್ಕ್ ಇಲ್ಲದ ಕಾರಣ ಇದರೊಂದಿಗೆ ಒಂದು ಪೆನ್‌ಡ್ರೈವ್ ಕಳಿಸಲಾಗಿದೆ.

ಅದನ್ನು ಯಂತ್ರಕ್ಕೆ ಚುಚ್ಚಿ, ಅದರಲ್ಲಿರುವ ಒಂದೇ ಒಂದು ಚಿತ್ರದ ಮೇಲೆ ಒತ್ತಬೇಕು. ಕಪ್ಪು ಕಿಟಕಿಯೊಂದು ತೆರೆದು ಅಕ್ಷರಗಳು ಓಡತೊಡಗುತ್ತವೆ. ಅದು ತಾನಾಗಿ ಮುಚ್ಚುವವರೆಗೆ ಏನನ್ನೂ ಮುಟ್ಟಬಾರದು. ಯಂತ್ರದೊಳಗೆ ಯಾವ ಯಾವ ಭಾಗಗಳಿವೆ, ಯಾವ ತಂತ್ರಾಂಶಗಳಿವೆ, ಅವು ಯಾವಾಗ ಸೇರಿದವು ಎಂಬುದೆಲ್ಲ ಒಂದು ಫೈಲಿನಲ್ಲಿ ದಾಖಲಾಗಿ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಎರಡೂ ಯಂತ್ರಗಳಲ್ಲಿ ಹೀಗೆ ಮಾಡಿ, ಮುಂದಿನ ದೋಣಿಯಲ್ಲಿ ಹಿಂದಿರುಗಿಸುವುದು.

ನವೆಂಬರ್ ಕೊನೆಯೊಳಗೆ ಪಟ್ಟಿ ಸೇರದ ಯಂತ್ರಗಳನ್ನು ಇಲ್ಲವೆಂದೇ ಪರಿಗಣಿಸಿ, ಸ್ಥಳದಲ್ಲಿ ಕಂಡುಬಂದರೆ ಗುಜರಿಗೆ ಸಾಗಿಸಲಾಗುವುದು.

ತಮ್ಮ ವಿಶ್ವಾಸಿ,
ಮುಖ್ಯಸ್ಥೆ, ಯಂತ್ರಪಟ್ಟಿ ವಿಭಾಗ

ವಿ.ಸೂ: ಅಮ್ಮ ಕ್ಷೇಮ. ಡಾಕ್ಟರು ಕಣ್ಣಿಗೆ ಹಾಕುವ ಹನಿ ಬದಲಾಯಿಸಿದ್ದಾರೆ.


ಮಾಪನ ಕೇಂದ್ರ
ಸೆಪ್ಟೆಂಬರ್ ೧೯

ಮಾನ್ಯ ಮುಖ್ಯಸ್ಥೆಯವರೇ,

ತಮ್ಮ ಪತ್ರ ತಲುಪಿತು. ಓದಿ ನಗು ಬಂತು, ಆಮೇಲೆ ನಗು ಎಲ್ಲೋ ಹೋಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಬ್ಬರಿಗೊಬ್ಬರು ‘ಮಾನ್ಯರೇ’ ಎಂದು ಬರೆದುಕೊಳ್ಳುವುದನ್ನು ನೋಡಿದರೆ ಕಾಗದ ತರುವ ದೋಣಿಯವಳು ಏನೆನ್ನುತ್ತಾಳೋ. ಇರಲಿ. ತಾವು ದೊಡ್ಡವರು, ತಾವು ಹಾಕಿದ ದಾರಿಯಲ್ಲೇ ನಾನೂ ನಡೆಯುತ್ತೇನೆ. ಈ ಹದಿನಾಲ್ಕು ವರ್ಷವೂ ಅಮ್ಮನ ಹೆಸರಿನಲ್ಲಿ ಬಂದ ಕಾಗದಗಳ ಅಕ್ಷರ ತಮ್ಮದೇ. ನಾನು ಅಮ್ಮನಿಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವವರೂ ತಾವೇ. ಹಾಗಿರುವಾಗ ಇದೊಂದು ನೇರವಾದ ಪತ್ರ ಎಂಬುದೇ ಒಂದು ವಿಶೇಷ.

ಕೆಲಸ ಮುಗಿಸಿದ್ದೇನೆ. ವಾರದಿಂದ ಇಲ್ಲಿ ಮಂಜು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎಂಬತ್ತೆಂಟು ಮೆಟ್ಟಿಲಲ್ಲಿ ಹತ್ತೋ ಹನ್ನೆರಡೋ ಕಾಣುತ್ತವೆ, ಉಳಿದವು ಇವೆ ಎಂದು ನಂಬಿಕೊಂಡು ಇಳಿಯಬೇಕು. ಎಂದಿನಂತೆ ಮೊದಲು ಕೆಳಗಿನ ಕೋಣೆಗೆ ಹೋದೆ. ಅಲ್ಲಿ ಕೊಳವೆಯೊಳಗೆ ಚೆಂಡು ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. ಕಂಪ್ಯೂಟರ್ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಹದಿನಾಲ್ಕು ವರ್ಷದಿಂದ ಆ ಯಂತ್ರವನ್ನು ಹೊರಗಿನವರ್ಯಾರೂ ಮಾತಾಡಿಸಿದ್ದಿಲ್ಲ. ತಮ್ಮ ಪೆನ್‌ಡ್ರೈವ್ ಚುಚ್ಚಿದಾಗ ಕಪ್ಪು ಕಿಟಕಿ ತೆರೆಯಿತು. ‘ಯಾರು ನೀನು, ನಿನ್ನ ಹತ್ತಿರ ಏನೇನಿದೆ’ ಎಂದು ಯಾರೋ ಮೆಲ್ಲಗೆ ಕೇಳಿದ ಹಾಗೂ, ಅದು ನಿದ್ದೆಗಣ್ಣಿನಲ್ಲೇ ಒಂದೊಂದಾಗಿ ಹೇಳಿದ ಹಾಗೂ ಆಯಿತು. ನಾಲ್ಕು ನಿಮಿಷ ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ಯಾಕೋ ಗೊತ್ತಿಲ್ಲ. ಆಮೇಲೆ ಮೇಲೆ ಹತ್ತಿ, ಚಹಾ ಕಾಯಿಸಿ, ಗಾಳಿ ಅಳೆಯುವ ಮೇಲಿನ ಯಂತ್ರಕ್ಕೂ ಅದನ್ನೇ ಚುಚ್ಚಿದೆ. ಅದೂ ಒಪ್ಪಿಸಿತು.

ಒಂದು ಕೋರಿಕೆ ಇದೆ. ಮೇಲಿನದನ್ನು ಬೇಕಾದರೆ ಬಿಡಿ, ಕೆಳಗಿನದು ಮಾತ್ರ ಪಟ್ಟಿ ತಪ್ಪಬಾರದು. ಆ ನಲವತ್ತೊಂದು ದಿನಗಳು ಇರುವುದು ಅದರೊಳಗೇ. ಯಾವ ನಲವತ್ತೊಂದು ಎಂದು ತಾವು ಕೇಳಲಾರಿರಿ ಎಂದುಕೊಂಡಿದ್ದೇನೆ.

ಇಂತಿ,
ವೀಕ್ಷಕಿ

ಅಮ್ಮನಿಗೆ ಹೊಸ ಹನಿ ಉರಿಯುತ್ತದೆಯೇ, ಕೇಳಿ ತಿಳಿಸುವುದು.


ಕೇಂದ್ರ ಕಚೇರಿ
ಅಕ್ಟೋಬರ್ ೬

ಮಾನ್ಯರೇ,

ಪೆನ್‌ಡ್ರೈವ್ ತಲುಪಿದೆ. ಅದರಲ್ಲಿ ಇರುವುದು ಒಂದೇ ಫೈಲು, ಮೇಲಿನ ಯಂತ್ರದ್ದು. ಕೆಳಗಿನ ಯಂತ್ರದ್ದು ಇಲ್ಲ.

ಎರಡರಲ್ಲೂ ಮಾಡಿದ್ದಾಗಿ ತಾವು ಬರೆದಿದ್ದೀರಿ. ಮಾಡಿದ್ದರೆ ಎರಡು ಫೈಲು ಇರಬೇಕಿತ್ತು. ಮಂಜಿನಲ್ಲಿ ಮೆಟ್ಟಿಲಿಳಿಯುವುದು ಕಷ್ಟವೆಂದು ನನಗೂ ಗೊತ್ತು. ಕಷ್ಟವಾಯಿತು, ಇಳಿಯಲಿಲ್ಲ ಎಂದು ಬರೆದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಮತ್ತೆ ಹೀಗಾಗಬಾರದಿತ್ತು. ದಯವಿಟ್ಟು ಈ ಸಲ ನಿಜವಾಗಿಯೂ ಕೆಳಗೆ ಹೋಗಿ ಬನ್ನಿ.

ಸದ್ಯ ಬಂದಿರುವ ಫೈಲನ್ನು ಪಟ್ಟಿಗೆ ಸೇರಿಸಿದ್ದೇನೆ. ಒತ್ತಬೇಕಾದ ಆ ಚಿತ್ರವೊಂದನ್ನು ಬಿಟ್ಟು ಪೆನ್‌ಡ್ರೈವನ್ನು ತೊಳೆದ ತಟ್ಟೆಯ ಹಾಗೆ ಖಾಲಿ ಮಾಡಿ ಮತ್ತೆ ಕಳಿಸುತ್ತಿದ್ದೇನೆ.

ಮುಖ್ಯಸ್ಥೆ

ಹನಿ ಉರಿಯುತ್ತದಂತೆ. ಆದರೂ ಹಾಕಿಸಿಕೊಳ್ಳುತ್ತಾರೆ.


ಮಾಪನ ಕೇಂದ್ರ
ಅಕ್ಟೋಬರ್ ೨೧

ಅಕ್ಕ,

‘ಮತ್ತೆ’ ಎಂದು ಬರೆದಿದ್ದೀಯ. ಆ ಒಂದು ಪದಕ್ಕಾಗಿ ಮಾನ್ಯ ಗೀನ್ಯ ಎಲ್ಲ ಬಿಟ್ಟು ಬರೆಯುತ್ತಿದ್ದೇನೆ.

ಹದಿನಾಲ್ಕು ವರ್ಷದ ಹಿಂದೆಯೂ ಹೀಗೇ ಆಯಿತು. ಕೆಳಗಿನ ಹಳೇ ಯಂತ್ರ ಕೆಟ್ಟಿತೆಂದು ನೀನು ಹೊಸದನ್ನು ತಂದು ಕೂರಿಸಿ ಹೋದೆ. ಅದಾದಮೇಲೆ ನಾನು ಪ್ರತಿ ವಾರವೂ ಎರಡೂ ಯಂತ್ರಗಳ ಅಳತೆಯನ್ನು ಒಂದೇ ಪೆನ್‌ಡ್ರೈವಿಗೆ ತುಂಬಿ ಕಳಿಸಿದೆ. ಮೇಲಿನದು ಬಂದಿದೆ, ಕೆಳಗಿನದು ಬಂದಿಲ್ಲ ಎಂದಿರಿ. ಮತ್ತೊಮ್ಮೆ ಕಳಿಸಿದೆ. ಆಗಲೂ ಬಂದಿಲ್ಲ ಎಂದಿರಿ. ‘ವಾರಗಟ್ಟಲೆ ನೀರಿನ ಮಟ್ಟವನ್ನು ಅಳೆದೇ ಇಲ್ಲ, ಕೇಳಿದಾಗ ಸುಳ್ಳು ಹೇಳಿದ್ದಾರೆ’ ಎಂದು ವರದಿಯಾಯಿತು. ಕೆಳಗೆ ನಿನ್ನ ಸಹಿ. ಬೇರೆ ಯಾರಾದರೂ ಬರೆದಿದ್ದರೆ ಇಷ್ಟು ಖಾರವಾಗಿ ಬರೆಯುತ್ತಿರಲಿಲ್ಲ. ತಂಗಿಯೆಂದು ಬಿಟ್ಟುಬಿಟ್ಟಳು ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ ನೀನು ಒಂದು ಕೈ ಹೆಚ್ಚೇ ಹಾಕಿದೆ. ಸಂಶೋಧನೆಯ ಹಡಗಿನಲ್ಲಿ ನನಗಿದ್ದ ಜಾಗ ಬೇರೆಯವರಿಗೆ ಹೋಯಿತು. ಎರಡು ವರ್ಷಕ್ಕೆಂದು ಬಂದವಳು ಇಲ್ಲೇ ಉಳಿದೆ.

ಹೊಸ ಯಂತ್ರ ಬಂದ ನಲವತ್ತೆರಡನೇ ದಿನದಿಂದ ಆದೇಶದ ಪ್ರಕಾರ ಎರಡು ಪೆನ್‌ಡ್ರೈವ್ ಇಟ್ಟುಕೊಂಡಿದ್ದೇನೆ. ಕೆಳಗಿನದಕ್ಕೆ ಕೆಂಪು ದಾರ, ಮೇಲಿನದಕ್ಕೆ ನೀಲಿ ದಾರ. ಒಂದು ದಿನದ ಅಳತೆಯೂ ತಪ್ಪಿಲ್ಲ. ಆ ನಲವತ್ತೊಂದು ದಿನಗಳದ್ದು ಕೆಳಗಿನ ಯಂತ್ರದಲ್ಲಿ ಹಾಗೇ ಇದೆ. ಕೆಂಪು ದಾರದ್ದರಲ್ಲಿ ತುಂಬಿ ಕಳಿಸಬಹುದಿತ್ತು. ಆಮೇಲೆ ಕೂತು ಬರೆದದ್ದು ಎಂದರೆ ಏನು ಮಾಡಲಿ? ಅದೂ ಅಲ್ಲದೆ ನನಗೂ ಸಿಟ್ಟಿತ್ತು. ಬಂದು ನೋಡಲಿ ಎಂದು ಇಟ್ಟುಕೊಂಡೆ. ನೀನು ಬರಲಿಲ್ಲ, ಕೇಳಲೂ ಇಲ್ಲ, ಬರೆದುಬಿಟ್ಟೆ.

ಆಗಾಗ ಹಡಗೊಂದು ದೂರದಲ್ಲಿ ಹಾದುಹೋಗುತ್ತದೆ. ಮಂಜಿದ್ದರೆ ಕಾಣುವುದಿಲ್ಲ, ಅದರ ಸದ್ದು ಮಾತ್ರ ಗೋಡೆಯೊಳಗಿಂದ ಬಂದಂತೆ ಬರುತ್ತದೆ. ಕೆಲವು ಮಧ್ಯಾಹ್ನ ಊಟ ಮಾಡಿ ಒರಗಿದಾಗ ಅದರ ಮೇಲೆ ನಾನಿದ್ದೇನೆ ಅನ್ನಿಸುತ್ತದೆ. ಕಿಟಕಿಯಿಂದ ಈ ಬಂಡೆಯನ್ನೂ ಈ ಮೆಟ್ಟಿಲುಗಳನ್ನೂ ನೋಡುತ್ತಾ, ‘ಪಾಪ, ಅಲ್ಲಿ ಯಾರಿರಬಹುದು’ ಅಂದುಕೊಳ್ಳುತ್ತೇನೆ. ಎಚ್ಚರವಾದರೆ ಅದು ನಾನೇ.

ಪೆನ್‌ಡ್ರೈವ್ ಬಂದಾಗ ಮೇಲೇ ಇದ್ದೆ. ಹಾಗಾಗಿ ಈ ಸಲ ಮೊದಲು ಮೇಲಿನ ಯಂತ್ರಕ್ಕೆ ಚುಚ್ಚಿ, ಆಮೇಲೆ ಇಳಿದು ಕೆಳಗಿನದಕ್ಕೆ ಚುಚ್ಚಿದೆ. ದೋಣಿಯವಳನ್ನೂ ಜೊತೆಗೆ ಕರೆದುಕೊಂಡು ಹೋದೆ, ಸಾಕ್ಷಿಗೆ ಇರಲಿ ಎಂದು. ಅವಳು ಕಪ್ಪು ಕಿಟಕಿ ನೋಡಿ, “ಇದಕ್ಕೆ ಇಷ್ಟು ಕಾಗದ, ಇಷ್ಟು ಓಡಾಟ ಬೇಕಾ? ನಿಮ್ಮಕ್ಕ ಬಂದು ಒಂದ್ಸಲ ಕಣ್ಣಲ್ಲಿ ನೋಡ್ಕೊಂಡು ಹೋಗಬಾರ್ದಾ?” ಅಂದಳು.

ನಿನ್ನ ತಂಗಿ


ಕೇಂದ್ರ ಕಚೇರಿ
ನವೆಂಬರ್ ೮

ಕುಳ್ಳೀ,

ನನಗಿಂತ ಒಂದು ಗೇಣು ಎತ್ತರ ಬೆಳೆದವಳನ್ನು ಹಾಗೆ ಕರೆಯಲು ನನಗೆ ಇನ್ನೂ ಹಕ್ಕಿದೆಯೋ ಇಲ್ಲವೋ ತಿಳಿಯದು. ಆದರೂ ಕರೆಯದೆ ಈ ಪತ್ರ ಬರೆಯುವಂತಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ನಿನ್ನ ಪೆನ್‌ಡ್ರೈವನ್ನು ಮಧ್ಯಾಹ್ನ ತೆರೆದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಮತ್ತೆ ಒಂದೇ ಫೈಲು. ನನಗೆ ಕೋಪವೇ ಬಂತು, ಮುಚ್ಚಿಡುವುದಿಲ್ಲ. ತೆರೆದು ನೋಡಿದರೆ ಅದು ಕೆಳಗಿನ ಯಂತ್ರದ್ದು. ಹೋದ ಸಲ ಇದ್ದ ಮೇಲಿನದು ಈಗ ಇಲ್ಲ! ಕೆಳಗೆ ಇಳಿಯದವಳು ಕೆಳಗಿನದನ್ನು ತಂದಿದ್ದಾಳೆ. ಕೂತಲ್ಲೇ ಇರುವ ಮೇಲಿನ ಯಂತ್ರ ಎಲ್ಲಿಗೆ ಹೋಯಿತು? ಹೋದ ಸಲ ನೀನು ಕೊನೆಯಲ್ಲಿ ಚುಚ್ಚಿದ್ದು ಮೇಲಿನದಕ್ಕೆ. ಈ ಸಲ ಕೊನೆಯಲ್ಲಿ ಚುಚ್ಚಿದ್ದು ಕೆಳಗಿನದಕ್ಕೆ. ಕೊನೆಯದು ಮಾತ್ರ ಉಳಿಯುತ್ತಿದೆ. ಕೈಯಲ್ಲಿದ್ದ ಲೋಟ ಹಾಗೇ ಇಟ್ಟೆ.

ಫೈಲಿಗೆ ಯಂತ್ರದ ಹೆಸರೇ ಹೆಸರು. ಒಂದೇ ಹೆಸರಿನ ಎರಡನೆಯ ಫೈಲು ಬಂದರೆ ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನಿನ್ನ ಎರಡೂ ಯಂತ್ರಗಳಿಗೆ ಒಂದೇ ಹೆಸರಿದೆ. ಆ ಹೆಸರು ‘ಕುಳ್ಳಿ’.

ಇಟ್ಟವಳು ನಾನೇ. ಮೇಲಿನ ಯಂತ್ರವನ್ನು ಮೊದಲು ಕೂರಿಸಿದಾಗ ಪ್ರೀತಿಗೆಂದು ನಿನ್ನ ಹೆಸರಿಟ್ಟಿದ್ದೆ. ಆಮೇಲೆ ಕೆಳಗಿನದು ಕೆಟ್ಟಾಗ ಹೊಸದನ್ನು ತಂದೆನಲ್ಲ, ಅದಕ್ಕೆ ಎಲ್ಲವನ್ನೂ ಒಂದೊಂದಾಗಿ ತುಂಬಲು ಎರಡು ದಿನ ಬೇಕಿತ್ತು. ಸಂಜೆಯ ದೋಣಿ ಹಿಡಿಯುವ ಅವಸರ ನನಗೆ. ಮೇಲಿನ ಯಂತ್ರದ ಹಾರ್ಡ್‌ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಕೆಳಗಿನದಕ್ಕೆ ನಕಲು ಮಾಡಿದೆ. ಹೆಸರು ಬದಲಾಯಿಸುವುದನ್ನು ಮರೆತೆ. ಅಳತೆಯ ಫೈಲುಗಳಿಗೂ ಯಂತ್ರದ ಹೆಸರು, ಪಕ್ಕದಲ್ಲಿ ದಿನಾಂಕ, ಅಷ್ಟೇ ಬರುತ್ತಿತ್ತು. ನೀನು ಬೆಳಿಗ್ಗೆ ಕೆಳಗಿನದನ್ನು ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಬಂದು ಮೇಲಿನದನ್ನು ತುಂಬಿದ ಕ್ಷಣ ಕೆಳಗಿನದು ಅಳಿಸಿಹೋಗುತ್ತಿತ್ತು. ನೀನು ಎಷ್ಟು ಸಲ ಕಳಿಸಿದ್ದರೂ ಅಷ್ಟೂ ಸಲ ಹಾಗೇ ಆಗುತ್ತಿತ್ತು.

ನೀನು ಅಳೆದಿದ್ದೆ. ನೀನು ಕಳಿಸಿದ್ದೆ. ನೀನು ಸುಳ್ಳು ಹೇಳಿರಲಿಲ್ಲ. ತಪ್ಪು ನನ್ನದು, ಸಹಿಯೂ ನನ್ನದು, ಶಿಕ್ಷೆ ಮಾತ್ರ ನಿನಗೆ.

ಸಂಜೆ ಮನೆಗೆ ಹೋಗಿ ಅಮ್ಮನ ಮಂಚದ ಮೇಲೆ ಕೂತೆ. “ಕುಳ್ಳಿ ಕಾಗದ ಬಂತೇನೇ? ಓದು, ಮಧ್ಯದಲ್ಲಿ ನುಂಗಬೇಡ” ಅಂದರು. ನಿನ್ನ ಪತ್ರಗಳಲ್ಲಿ ನನಗೆ ಚುಚ್ಚುವ ಸಾಲುಗಳನ್ನು ನಾನು ನುಂಗಿಬಿಡುತ್ತಿದ್ದೆ, ಅದು ಅವರಿಗೆ ಮೊದಲಿನಿಂದಲೂ ಗೊತ್ತಂತೆ. ಈ ಸಲ ಒಂದಕ್ಷರವನ್ನೂ ಬಿಡದೆ ಓದಿದೆ. ಓದಿ ಮುಗಿಸಿದಾಗ ಅವರು, “ಹನಿ ಹಾಕು” ಅಂದರು. ಹಾಕಿದೆ. ಅದು ಉರಿಯುವುದರಿಂದಲೋ ಏನೋ, ಇಬ್ಬರ ಕಣ್ಣಲ್ಲೂ ನೀರು.

ಕ್ಷಮಿಸು ಎಂದು ಕೇಳಲು ಧೈರ್ಯವಿಲ್ಲ.

ನಿನ್ನ ಅಕ್ಕ


ಮಾಪನ ಕೇಂದ್ರ
ನವೆಂಬರ್ ೨೪

ಅಕ್ಕ,

ಪತ್ರ ಓದಿದೆ. ಮೂರು ಸಲ ಓದಿದೆ. ಒಂದು ಸಲ ನಕ್ಕೆ ಕೂಡ: ನನ್ನನ್ನು ಅಳಿಸಿದ್ದೂ ಕುಳ್ಳಿಯೇ. ಆದರೆ ಆ ಸಿಟ್ಟು ಹೋಗಿಲ್ಲ. ಹೆಸರು ಮರೆಯುವುದು ಯಾರಿಗಾದರೂ ಆಗುವಂಥದ್ದೇ. ನಾಲ್ಕು ತಾಸು ದೋಣಿಯಲ್ಲಿ ಕೂತು ಬಂದು ನೋಡಿದ್ದರೆ ಅಂದೇ ಮುಗಿಯುತ್ತಿತ್ತು. ನೀನು ಬರಲಿಲ್ಲ. ಇಷ್ಟು ವರ್ಷ ನನ್ನನ್ನು ಕೊರೆದದ್ದು ವರದಿಯಲ್ಲ, ಅದೇ.

ನಿನ್ನ ಪತ್ರ ಬಂದದ್ದು ಗುಜರಿಯವರ ಜೊತೆಗೆ. ದೋಣಿಯಿಂದ ಮೊದಲು ಇಳಿದದ್ದು ಮೂವರು ಗಟ್ಟಿಮುಟ್ಟಾದ ಆಳುಗಳು ಮತ್ತು ಅವರ ಮೇಸ್ತ್ರಿ. ಕೈಯಲ್ಲಿ ನಿನ್ನ ವಿಭಾಗದ ಅಕ್ಟೋಬರ್ ಪಟ್ಟಿ, ಅದರಲ್ಲಿ ಮೇಲಿನ ಯಂತ್ರ ಮಾತ್ರ ಇತ್ತು. ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದು, ಕೆಳಗಿನದನ್ನು ಕೊಡಿ ಎಂದರು.

“ತಿಂಗಳ ಕೊನೇವರೆಗೂ ಟೈಮಿದೆ” ಅಂದೆ.

“ಆಮೇಲೆ ಸಮುದ್ರ ಸರಿ ಇರಲ್ಲಮ್ಮ, ಅದಕ್ಕೇ ಈಗ್ಲೇ ಬಂದ್ವಿ. ಪಟ್ಟೀಲಿಲ್ಲ ಅಂದ್ರೆ ಆ ಮಿಷನ್ ಇಲ್ಲ ಅಂತಾನೇ ಲೆಕ್ಕ.”

“ಇಲ್ದೇ ಇರೋದನ್ನ ಹೊತ್ಕೊಂಡು ಹೋಗಕ್ಕೆ ನಾಲ್ಕು ಜನ ಬಂದಿದ್ದೀರಲ್ಲಪ್ಪ!”

ಮೇಸ್ತ್ರಿ ನಕ್ಕ, ಆದರೆ ಮೆಟ್ಟಿಲಿಳಿಯುವುದನ್ನು ಬಿಡಲಿಲ್ಲ. ನಾನು ಅವರಿಗಿಂತ ಮೊದಲು ಇಳಿದು ಹೋಗಿ ಕೆಳಗಿನ ಯಂತ್ರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನಿಜವಾಗಿಯೂ ಕೂತೆ, ಕಾಲು ಮಡಚಿಕೊಂಡು. ಒಳಗಿನ ಬಿಸಿ ಸೀರೆಗೆ ತಾಗುತ್ತಿತ್ತು. ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹನ್ನೆರಡೂ ನಲವತ್ತಾದರೆ ದೋಣಿ ಕಲ್ಲಿಗೆ ಕೂರುತ್ತದೆ, ಅದಕ್ಕೆ ಮೊದಲೇ ಅವರು ಹೊರಡಲೇಬೇಕು. ಅಲ್ಲಿಯವರೆಗೆ ಏಳದಿದ್ದರೆ ಆಯಿತು. ಮೇಸ್ತ್ರಿ ಗದರಿದ, ಬೇಡಿದ, ಕೊನೆಗೆ ನನ್ನೆದುರು ನೆಲದ ಮೇಲೆ ಕೂತು ತನ್ನ ಮಗಳ ಮದುವೆಯ ಕಥೆ ಹೇಳಿದ. ಹನ್ನೆರಡೂವರೆಗೆ ದೋಣಿಯವಳು ಕೂಗು ಹಾಕಿದಳು. “ನೀವು ಎದ್ದೇಳೋ ಹಂಗೆ ಕಾಣಲ್ಲ” ಎಂದು ಅವನು ಹೊರಟ. ಹೋಗುವಾಗ ಅಂಗಿಯ ಜೇಬಿನಿಂದ ನಿನ್ನ ಲಕೋಟೆ ತೆಗೆದು, “ಮರೆತಿದ್ದೆ, ಇದು ನಿಮ್ದಂತೆ” ಎಂದು ಕೊಟ್ಟ. ಪೆಟ್ಟಿಗೆಯ ಮೇಲೆ ಕೂತೇ ಒಡೆದು ಓದಿದೆ.

ಅವರು ಮತ್ತೆ ಬರಬಹುದು, ಎಲ್ಲ ಸಲವೂ ಕೂತಿರಲು ಆಗದು. ಹಾಗಾಗಿ ಆ ನಲವತ್ತೊಂದು ದಿನಗಳನ್ನು ಕೆಂಪು ದಾರದ್ದರಲ್ಲಿ ತುಂಬಿ ಇದರೊಂದಿಗೆ ಕಳಿಸುತ್ತಿದ್ದೇನೆ. ನಾನು ಅದನ್ನು ಅಂದಿನಿಂದ ತೆರೆದು ನೋಡಿಲ್ಲ. ಅಂಕಿಗಳನ್ನು ಬಿಟ್ಟರೆ ಬೇರೇನೂ ಇರಲಾರದು. ನೀನು ಬಂದು ನೋಡಲಿ ಎಂದು ಇಟ್ಟದ್ದು. ನೋಡು, ಅಲ್ಲಿಂದಲೇ ನೋಡು.

ನಿನ್ನ ತಂಗಿ


ಕೇಂದ್ರ ಕಚೇರಿ
ಡಿಸೆಂಬರ್ ೧೦

ಕುಳ್ಳೀ,

ಮೊದಲು ಕೆಲಸದ ಮಾತು. ಹೋದ ಸಲ ಬಂದ ಫೈಲಿನಿಂದ ಕೆಳಗಿನ ಯಂತ್ರ ಪಟ್ಟಿಗೆ ಸೇರಿತು. ಎರಡು ಕುಳ್ಳಿಯರನ್ನು ಪಟ್ಟಿ ಒಪ್ಪುತ್ತಿರಲಿಲ್ಲ, ಒಂದರ ಮುಂದೆ ‘ಕೆಳಗಿನ’ ಎಂದು ನನ್ನ ಕೈಯಾರೆ ಬರೆದೆ. ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ವರದಿಯನ್ನು ತಿದ್ದಲು ನನ್ನ ಹೆಸರಿನಲ್ಲೇ ಅರ್ಜಿ ಕೊಟ್ಟೆ. ಆ ಫೈಲುಗಳು ಆಯಾ ದಿನವೇ ಬರೆದವು, ಅದಾದಮೇಲೆ ಯಾರೂ ಮುಟ್ಟಿಲ್ಲ ಎಂದು ಯಂತ್ರವೇ ಹೇಳುತ್ತದೆ, ಅದನ್ನೂ ಲಗತ್ತಿಸಿದೆ. ಮೇಲಿನವರು, “ಇಷ್ಟು ವರ್ಷ ಆದ್ಮೇಲೆ ಯಾಕೆ ಮೇಡಂ ಕೆದಕ್ತೀರಿ? ನಿಮಗೇ ಕೆಟ್ಟ ಹೆಸರು” ಅಂದರು. “ಅದು ನನ್ನ ಹೆಸರೇ, ಇಷ್ಟು ದಿನ ಬೇರೆಯವರ ಹತ್ತಿರ ಇತ್ತು” ಅಂದೆ. ಸಹಿ ಮಾಡಿದರು. ಹಡಗಿನ ಜಾಗವನ್ನು ಮಾತ್ರ ನಾನು ತಂದುಕೊಡಲಾರೆ. ಅದು ಹೋಯಿತು, ನನ್ನಿಂದ ಹೋಯಿತು.

ಇನ್ನು ಅಂಕಿಗಳ ಮಾತು. ಅಂಕಿಗಳನ್ನು ಬಿಟ್ಟರೆ ಬೇರೇನೂ ಇರಲಾರದು ಎಂದು ಬರೆದಿದ್ದೀಯ. ಷರಾ ಕಾಲಂ ಮರೆತೆಯಾ?

ಈ ಹದಿನಾಲ್ಕು ವರ್ಷ ನಿನ್ನ ದಾಖಲೆಗಳಲ್ಲಿ ಷರಾ ಯಾವಾಗಲೂ ಖಾಲಿ. ದಿನವೂ ನೀರಿನ ಮಟ್ಟ, ಪಕ್ಕದಲ್ಲಿ ಬಿಳಿ ಜಾಗ. ಒಣಗಿದ ಮನಸ್ಸಿನವಳು, ಬರೆಯಲು ಅವಳಿಗೇನೂ ಇಲ್ಲ ಎಂದುಕೊಂಡಿದ್ದೆ. ಈ ನಲವತ್ತೊಂದು ದಿನದಲ್ಲಿ ಹಾಗಿಲ್ಲ. ಇಲ್ಲಿ ನೀನು ಮಾತಾಡಿದ್ದೀಯ.

ಮೊದಲನೇ ದಿನ: ‘ಅಕ್ಕ ಹೋದಳು. ದೋಣಿ ಮರೆಯಾಗುವವರೆಗೂ ಕೈಬೀಸಿದಳು. ಹೊಸ ಯಂತ್ರ ಹಳೆಯದಕ್ಕಿಂತ ಮೆಲ್ಲಗೆ ಗುನುಗುತ್ತದೆ.’

ಮೂವತ್ತನಾಲ್ಕನೇ ದಿನ: ‘ಅಳತೆ ಬಂದಿಲ್ಲವಂತೆ. ತನಿಖೆ ಅಕ್ಕನದೇ ಅಂತೆ, ಒಳ್ಳೆಯದಾಯಿತು. ಬಂದು ನೋಡಿದರೆ ತಿಳಿಯುತ್ತದೆ. ಮೆಟ್ಟಿಲು ಗುಡಿಸಿದೆ.’

ಮೂವತ್ತೆಂಟನೇ ದಿನ: ‘ಮಂಜು. ದೋಣಿ ಇಲ್ಲ. ಮೆಟ್ಟಿಲ ಮೇಲೆ ಮತ್ತೆ ಮರಳು ಬಂದಿತ್ತು, ಗುಡಿಸಿದೆ. ಅಕ್ಕನಿಗೆ ಜಾರುವ ಭಯ.’

ನಲವತ್ತನೇ ದಿನ: ‘ದೋಣಿ ಬಂತು. ಅಕ್ಕ ಇರಲಿಲ್ಲ. ಲಕೋಟೆ ಇತ್ತು.’

ನಲವತ್ತೊಂದನೇ ದಿನ: ನೀರಿನ ಮಟ್ಟ ಒಂದು ಮೀಟರ್ ತೊಂಬತ್ತೆರಡು. ಷರಾ ಖಾಲಿ. ಅಲ್ಲಿಂದ ಇವತ್ತಿನವರೆಗೂ ಖಾಲಿ.

ಕಚೇರಿಯ ಎಲ್ಲರ ಮುಂದೆ ಅತ್ತುಬಿಟ್ಟೆ ಕಣೇ. ಅದಾದಮೇಲೆ ದಿನವೂ ಒಂದೇ ಕನಸು. ಮಂಜಿನಲ್ಲಿ ಮೆಟ್ಟಿಲು ಹತ್ತುತ್ತೇನೆ. ಎಂಬತ್ತೆಂಟು ಎಂದು ನನಗೂ ನೆನಪಿದೆ. ಆದರೆ ಎಂಬತ್ತೇಳಕ್ಕೆ ಎಚ್ಚರವಾಗುತ್ತದೆ. ಬಾಗಿಲು ಕಾಣುವುದೇ ಇಲ್ಲ.

ರಜೆ ಹಾಕಿದ್ದೇನೆ. ಅಮ್ಮನಿಗೆ ಹೇಳಿದೆ. “ನನ್ನ ಚಿಂತೆ ಬಿಡು, ಪಕ್ಕದ ಮನೆಯವರು ಹನಿ ಹಾಕ್ತಾರೆ. ಮೊದಲು ಹೊರಡು, ಹದಿನಾಲ್ಕು ವರ್ಷ ಲೇಟಾಗಿದೆ” ಅಂದರು. ಇಪ್ಪತ್ತನೇ ತಾರೀಖಿನ ದೋಣಿಗೆ ಬರುತ್ತಿದ್ದೇನೆ. ನೀನು ಮಾತಾಡದಿದ್ದರೂ ಸರಿ, ಕೆಳಗಿನ ಕೋಣೆಯನ್ನು ಕಣ್ಣಾರೆ ನೋಡಿ ಹೋಗುತ್ತೇನೆ. ಹೆಸರು ಬದಲಾಯಿಸುವುದೂ ಇದೆಯಲ್ಲ.

ಒಂದೇ ಮಾತು. ಈ ಸಲ ಮೆಟ್ಟಿಲು ಗುಡಿಸಬೇಡ.

ನಿನ್ನ ಅಕ್ಕ


ಉಬ್ಬರವಿಳಿತ ಮಾಪನ ಕೇಂದ್ರ, ಕೆಳಗಿನ ಯಂತ್ರ
ದಿನದ ದಾಖಲೆ: ಡಿಸೆಂಬರ್ ೨೦
(ಕೇಂದ್ರ ಕಚೇರಿಗೆ ಒಂದು ಪ್ರತಿ, ಅಮ್ಮನಿಗೆ ಒಂದು ಪ್ರತಿ)

ನೀರಿನ ಮಟ್ಟ, ಬೆಳಿಗ್ಗೆ: ಎರಡು ಮೀಟರ್ ನಾಲ್ಕು
ನೀರಿನ ಮಟ್ಟ, ಸಂಜೆ: ಒಂದು ಮೀಟರ್ ಎಪ್ಪತ್ತು

ಷರಾ: ಮಂಜಿತ್ತು, ಹತ್ತು ಗಂಟೆಗೆ ಕರಗಿತು. ದೋಣಿ ಬಂತು. ಅಕ್ಕ ಇದ್ದಳು. ಮೆಟ್ಟಿಲು ಗುಡಿಸಿರಲಿಲ್ಲ. ಅವಳು ಕೆಳಗಿನಿಂದ ಒಂದೊಂದೇ ಗುಡಿಸಿಕೊಂಡು ಹತ್ತಿದಳು. ನಾನು ಮೇಲಿನಿಂದ ನೋಡುತ್ತಾ ನಿಂತಿದ್ದೆ. ಅರುವತ್ತನೇ ಮೆಟ್ಟಿಲಿನವರೆಗೆ ತಡೆದುಕೊಂಡೆ, ಆಮೇಲೆ ಇನ್ನೊಂದು ಪೊರಕೆ ತೆಗೆದುಕೊಂಡು ಇಳಿದೆ.

ಸಹಿ: ವೀಕ್ಷಕಿ
ಪರಿಶೀಲಿಸಿದವರು: ಅಕ್ಕ. ಸ್ವತಃ ಬಂದು, ಕಣ್ಣಾರೆ ನೋಡಿ.